ನಿಲ್ಲಿಸಿದಲ್ಲೇ ನಿಲ್ಲದ ಚಕ್ರಗಳು

(ಬೆಂಗಳೂರಿನಲ್ಲಿ ವಿಜ್ಞಾನಾಸಕ್ತರ ಕೂಟವೊಂದರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ತೆರೆಯ ಮೇಲೆ ತೋರಿಸಿದ ಚಿತ್ರಗಳನ್ನು ಇಲ್ಲಿ ಮಾತಿನಲ್ಲೇ ವಿವರಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಜೇಮ್ಸ್ ವೆಬ್ ದೂರದರ್ಶಕ ಅಂದರೆ ಎಲ್ಲರಿಗೂ ನೆನಪಾಗುವುದು ಚಿನ್ನದ ಲೇಪದ ಆ 18 ಷಟ್ಕೋನ ಕನ್ನಡಿಗಳು. ನಾನು ಇವತ್ತು ಹೆಚ್ಚಾಗಿ ಹೇಳಹೊರಟಿರುವುದು ಕನ್ನಡಿಯ ಹಿಂದಿನ ಪೆಟ್ಟಿಗೆಗಳ ಬಗ್ಗೆ. ಬೆಳಕು ಕನ್ನಡಿಯಿಂದ ಹೊರಟು ಅಲ್ಲಿಗೆ ಬರುತ್ತದೆ. ಆ ಪೆಟ್ಟಿಗೆಗಳ ಒಳಗೆ ಸಣ್ಣ ಸಣ್ಣ ಚಕ್ರಗಳಿವೆ. ಅವು ತಿರುಗಬೇಕು, ನಿಲ್ಲಬೇಕು, ಮತ್ತೆ ತಿರುಗಬೇಕು. ನಿಂತಾಗ ಸರಿಯಾದ ಜಾಗದಲ್ಲೇ ನಿಂತವೋ ಇಲ್ಲವೋ ಎಂದು ಇಣುಕಿ ನೋಡಲು ಅಲ್ಲಿ ಯಾರೂ ಇಲ್ಲ. ವೆಬ್ ಇರುವುದು ಇಲ್ಲಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಇಂಥ ಚಕ್ರವನ್ನು ಪ್ರತಿ ಸಲವೂ ಕರಾರುವಾಕ್ಕಾಗಿ ಅದೇ ಜಾಗಕ್ಕೆ ತಂದು ನಿಲ್ಲಿಸುವುದೇ ಎಂಜಿನಿಯರಿಂಗಿನ ಹಿರಿಮೆ ಎಂದು ನಾವು ಅಂದುಕೊಳ್ಳುತ್ತೇವೆ. ಈ ಕ್ಷೇತ್ರದಲ್ಲಿ ಪಳಗಿದವರು ಆ ಹಟವನ್ನು ಎಂದೋ ಬಿಟ್ಟಿದ್ದಾರೆ. ಚಕ್ರ ಹೆಚ್ಚು ಕಡಿಮೆ ಸರಿಯಾದ ಜಾಗದಲ್ಲಿ ನಿಂತರೆ ಸಾಕು, ಆದರೆ ಎಲ್ಲಿ ನಿಂತಿತು ಅನ್ನುವುದು ಮಾತ್ರ ತಮಗೆ ಸರಿಯಾಗಿ ತಿಳಿಯಬೇಕು ಅನ್ನುತ್ತಾರೆ.

ಚಲಿಸುವ ಭಾಗಗಳು ಬೇಕೇ ಯಾಕೆ? ಬೆಳಕನ್ನು ಹಿಡಿದು ದಾಖಲಿಸುವ ಡಿಟೆಕ್ಟರ್ ದುಬಾರಿ, ಅದಕ್ಕೆ ಬೇಕಾದ ತಂಪು ಇನ್ನೂ ದುಬಾರಿ. ಒಂದೇ ಡಿಟೆಕ್ಟರಿನಿಂದ ಹತ್ತು ಬಗೆಯ ಕೆಲಸ ತೆಗೆಯಬೇಕಾದರೆ ಅದರ ಮುಂದೆ ಬರುವ ಗಾಜುಗಳನ್ನು ಬದಲಾಯಿಸುತ್ತಿರಬೇಕು. ಒಮ್ಮೆ ಕೆಂಪು ಬೆಳಕನ್ನಷ್ಟೇ ಬಿಡುವ ಫಿಲ್ಟರ್, ಇನ್ನೊಮ್ಮೆ ಬೆಳಕನ್ನು ಬಣ್ಣಗಳಾಗಿ ಹರಡುವ ಗ್ರೇಟಿಂಗ್, ಮತ್ತೊಮ್ಮೆ ಬರೀ ಕನ್ನಡಿ. ಇವೆಲ್ಲವನ್ನೂ ಒಂದು ಚಕ್ರದ ಸುತ್ತ ಜೋಡಿಸಿದರೆ ಕೆಲಸ ಸಲೀಸು. ಬೇರೆ ದಾರಿಗಳೂ ಇವೆ, ಪ್ರಶ್ನೋತ್ತರದಲ್ಲಿ ಒಂದು ಬರುತ್ತದೆ. ಆದರೂ ಹಬಲ್ ದೂರದರ್ಶಕದಿಂದ ವೆಬ್‌ವರೆಗೆ ಚಕ್ರಗಳದೇ ಕಾರುಬಾರು.

ನಮ್ಮ ಮನೆಯ ಫ್ಯಾನಿನ ಹಳೇ ರೆಗ್ಯುಲೇಟರನ್ನು ನೆನೆಸಿಕೊಳ್ಳಿ. ತಿರುಗಿಸಿದರೆ ಪ್ರತಿ ನಂಬರಿಗೂ 'ಕಟ್' ಎಂದು ಕೂರುತ್ತದೆ. ಒಳಗೆ ಸ್ಪ್ರಿಂಗು ತಳ್ಳುವ ಒಂದು ಗುಂಡು ಇರುತ್ತದೆ, ಅದು ಹಳ್ಳಕ್ಕೆ ಬೀಳುತ್ತದೆ. ವೆಬ್‌ನ ಎರಡು ಉಪಕರಣಗಳ ಚಕ್ರಗಳ ಮೂಲ ತತ್ವವೂ ಇದಕ್ಕಿಂತ ಬಹಳ ದೂರವೇನಲ್ಲ. ಚಕ್ರದ ಅಂಚಿನಲ್ಲಿ ಪುಟ್ಟ ಬೇರಿಂಗುಗಳನ್ನು ಕೂರಿಸಿರುತ್ತಾರೆ. ಸ್ಪ್ರಿಂಗಿನ ಒತ್ತಡದಲ್ಲಿರುವ ಒಂದು ಬೆಣೆ ಅವುಗಳ ನಡುವೆ ಸಿಕ್ಕಿಕೊಂಡು ಚಕ್ರವನ್ನು ಹಿಡಿದಿಡುತ್ತದೆ. ನಡುವೆ ಒಂದು ಮೋಟರ್, ಗೇರು ಗೀರು ಏನಿಲ್ಲ. ತಿರುಗಿಸುವಾಗ ಮಾತ್ರ ವಿದ್ಯುತ್ ಬೇಕು, ನಿಂತ ಮೇಲೆ ಬೆಣೆಯೇ ಹಿಡಿದಿರುತ್ತದೆ. ಇದು ಜಿಪುಣತನ ಅಲ್ಲ. ಸುಮಾರು 40 ಕೆಲ್ವಿನ್‌ನಲ್ಲಿ, ಅಂದರೆ ಸೊನ್ನೆಗಿಂತ 230 ಡಿಗ್ರಿ ಸೆಲ್ಸಿಯಸ್ ಕೆಳಗೆ, ಮೋಟರ್ ಸುಮ್ಮನೆ ಬಿಸಿ ಉಗುಳುತ್ತಾ ಕೂತರೆ, ಬಿಸಿ ವಸ್ತುಗಳು ಸೂಸುವ ಕಣ್ಣಿಗೆ ಕಾಣದ ಬೆಳಕನ್ನೇ ನೋಡುವ ಅವಕೆಂಪು ಉಪಕರಣ ಕೆಟ್ಟಂತೆ. ಈ ವಿನ್ಯಾಸ ಬೆಳೆದದ್ದು ಜರ್ಮನಿಯ ಹೈಡೆಲ್‌ಬರ್ಗ್‌ನ ಮ್ಯಾಕ್ಸ್ ಪ್ಲಾಂಕ್ ಖಗೋಳ ಸಂಸ್ಥೆಯಲ್ಲಿ. 1995ರಲ್ಲಿ ಹಾರಿದ ಐಎಸ್‌ಒ ಎಂಬ ಯುರೋಪಿನ ಅವಕೆಂಪು ದೂರದರ್ಶಕದ ಚಕ್ರಗಳೇ ಇದರ ಪೂರ್ವಜರು.

ರೆಗ್ಯುಲೇಟರ್ 3ರಲ್ಲಿ ಕೂತಿದೆ ಅಂದರೆ 3ರಲ್ಲಿ ಕೂತಿದೆ, ನಮಗೆ ಅಷ್ಟು ಸಾಕು. ಗ್ರೇಟಿಂಗ್ ಚಕ್ರಕ್ಕೆ ಸಾಲದು. ಬೆಣೆ ಪ್ರತಿ ಸಲವೂ ಒಂದೇ ಆಳಕ್ಕೆ ಇಳಿಯುವುದಿಲ್ಲ. ಘರ್ಷಣೆ ಕೊಂಚ ಹೆಚ್ಚಿದ್ದರೆ ಒಂದು ಕೂದಲಷ್ಟು ಮೊದಲೇ ನಿಲ್ಲುತ್ತದೆ. ಎಡದಿಂದ ಬಂದರೆ ಒಂದು ಕಡೆ, ಬಲದಿಂದ ಬಂದರೆ ಇನ್ನೊಂದು ಕಡೆ. ಅಕ್ಷವೂ ಚೂರು ವಾಲಿರಬಹುದು. ಕನ್ನಡಿ ಎಷ್ಟು ವಾಲುತ್ತದೋ ಅದರಿಂದ ಮರಳುವ ಕಿರಣ ಅದರ ಎರಡರಷ್ಟು ವಾಲುತ್ತದೆ. ಗ್ರೇಟಿಂಗಿನ ಕಥೆಯೂ ಹೆಚ್ಚು ಕಡಿಮೆ ಅದೇ. ಹೀಗಾಗಿ ಕಣ್ಣಿಗೆ ಕಾಣದ ವಾಲು ಡಿಟೆಕ್ಟರಿಗೆ ತಲುಪುವ ಹೊತ್ತಿಗೆ ಪಿಕ್ಸೆಲ್‌ಗಳ ಲೆಕ್ಕದಲ್ಲಿ ಕಾಣಿಸುತ್ತದೆ.

ಒಂದು ಪಿಕ್ಸೆಲ್ ಅಂದರೆ ಏನು ಮಹಾ ಅಂತ ಅನ್ನಿಸಬಹುದು. ಲೆಕ್ಕ ಹಾಕೋಣ. ದೂರದ ಅನಿಲ ನಮ್ಮತ್ತ ಬಂದರೆ ಅಥವಾ ದೂರ ಸರಿದರೆ ಅದರ ಬೆಳಕಿನ ತರಂಗಾಂತರ, ಅಂದರೆ ಬಣ್ಣ, ಚೂರು ಬದಲಾಗುತ್ತದೆ. ಆ ಬದಲಾವಣೆಯಿಂದಲೇ ಅದರ ವೇಗ ಅಳೆಯುವುದು. ಬೆಳಕು ಬಣ್ಣಗಳಾಗಿ ಹರಡಿದ ಪಟ್ಟಿಗೆ ರೋಹಿತ ಅನ್ನುತ್ತೇವೆ. ವೆಬ್‌ನ ನಿಯರ್‌ಸ್ಪೆಕ್ ಎಂಬ ರೋಹಿತ ಉಪಕರಣದ ಅತ್ಯುತ್ತಮ ಗ್ರೇಟಿಂಗುಗಳ ಪೃಥಕ್ಕರಣ ಸಾಮರ್ಥ್ಯ, ಅಂದರೆ ಪಕ್ಕಪಕ್ಕದ ಬಣ್ಣಗಳನ್ನು ಬಿಡಿಸಿ ತೋರಿಸುವ ಶಕ್ತಿ, ಸುಮಾರು 2700. ಬೆಳಕಿನ ವೇಗ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್. ಭಾಗಿಸಿದರೆ ಸುಮಾರು 110 ಬರುತ್ತದೆ. ಅಂದರೆ ಈ ಉಪಕರಣ ಬಿಡಿಸಿ ನೋಡಬಲ್ಲ ಅತಿ ಸಣ್ಣ ವೇಗ ವ್ಯತ್ಯಾಸ ಸೆಕೆಂಡಿಗೆ 110 ಕಿಲೋಮೀಟರ್. ಅದು ಡಿಟೆಕ್ಟರಿನ ಮೇಲೆ ಎರಡು ಪಿಕ್ಸೆಲ್ ಚಿಲ್ಲರೆ ಅಗಲ ಇರುತ್ತದೆ. ಹಾಗಾದರೆ ಒಂದು ಪಿಕ್ಸೆಲ್ ತಪ್ಪಿದರೆ ಗೆಲಾಕ್ಸಿಯೊಂದರ ಅನಿಲ ನಮ್ಮತ್ತ ಬರುತ್ತಿರುವ ವೇಗವನ್ನು ಸೆಕೆಂಡಿಗೆ 50 ಕಿಲೋಮೀಟರಿನಷ್ಟು ತಪ್ಪಾಗಿ ಹೇಳುತ್ತೇವೆ. ಭೂಮಿ ಸೂರ್ಯನ ಸುತ್ತ ಓಡುವ ವೇಗವೇ ಸೆಕೆಂಡಿಗೆ 30 ಕಿಲೋಮೀಟರ್. ಬೆಣೆ ಕೂತ ಜಾಗದಲ್ಲಿ ಆದ ಚೂರು ಹೆಚ್ಚುಕಡಿಮೆ, ದೂರದ ಗೆಲಾಕ್ಸಿಯ ಚಲನೆಯ ವೇಷ ಹಾಕಿಕೊಂಡು ನಮ್ಮ ಪ್ರಬಂಧದೊಳಗೆ ನುಸುಳಿಬಿಡುತ್ತದೆ.

ಹಬಲ್‌ನವರು ಇದನ್ನು ಹೇಗೆ ನಿಭಾಯಿಸಿದರು ನೋಡೋಣ. 1997ರಲ್ಲಿ ಗಗನಯಾತ್ರಿಗಳು ಹಬಲ್‌ಗೆ ಕೂರಿಸಿದ ಸ್ಟಿಸ್ ಎಂಬ ರೋಹಿತ ಉಪಕರಣದಲ್ಲಿ ಗ್ರೇಟಿಂಗುಗಳನ್ನೂ ಕನ್ನಡಿಗಳನ್ನೂ ಹೊತ್ತ ಒಂದು ಯಾಂತ್ರಿಕ ವ್ಯವಸ್ಥೆ ಇದೆ. ಅದನ್ನು ಕದಲಿಸಿ ಮತ್ತೆ ಅದೇ ಗ್ರೇಟಿಂಗಿಗೆ ಬಂದರೆ ರೋಹಿತ 1ರಿಂದ 10 ಪಿಕ್ಸೆಲ್‌ವರೆಗೆ ಬೇರೆ ಕಡೆ ಬೀಳಬಹುದು ಎಂದು ಉಪಕರಣದ ಕೈಪಿಡಿಯೇ ಹೇಳುತ್ತದೆ. ಅದರಲ್ಲಿ ಮುಚ್ಚುಮರೆ ಏನಿಲ್ಲ, ಪರಿಹಾರ ಪಕ್ಕದಲ್ಲೇ ಇದೆ. ಉಪಕರಣದೊಳಗೆ ಪ್ಲಾಟಿನಂ ಮತ್ತು ನಿಯಾನ್ ಇರುವ ಒಂದು ದೀಪ. ಆ ದೀಪದ ರೋಹಿತದಲ್ಲಿ ನೂರಾರು ಗೆರೆಗಳಿವೆ, ಪ್ರತಿಯೊಂದರ ತರಂಗಾಂತರವೂ ಪ್ರಯೋಗಾಲಯದಲ್ಲಿ ಅಳೆದಿಟ್ಟದ್ದು. ನಕ್ಷತ್ರ ನೋಡುವ ಜೊತೆಗೇ ದೀಪವನ್ನೂ ಒಮ್ಮೆ ನೋಡಿದರೆ ಗೆರೆಗಳು ಎಲ್ಲಿ ಬಿದ್ದಿವೆ ಎಂದು ಗೊತ್ತಾಗುತ್ತದೆ, ಗ್ರೇಟಿಂಗ್ ಎಲ್ಲಿ ಕೂತಿದೆ ಎಂದೂ ಗೊತ್ತಾಗುತ್ತದೆ. ಖಗೋಳ ವಿಜ್ಞಾನಿ ಕೇಳದಿದ್ದರೂ ವ್ಯವಸ್ಥೆಯೇ ಈ ದೀಪದ ಅವಲೋಕನವನ್ನು ಸೇರಿಸಿಬಿಡುತ್ತದೆ. ಕೇಳಿದವರಿಗೆ ಮಾತ್ರ ಕೊಡೋಣ ಎಂದಿದ್ದರೆ ಎಷ್ಟು ಮಂದಿ ತಮ್ಮ ಅಮೂಲ್ಯ ಸಮಯದಲ್ಲಿ ದೀಪ ನೋಡುತ್ತಿದ್ದರು ಅನ್ನುವುದು ನನಗೆ ಅನುಮಾನ.

2009ರಲ್ಲಿ ಹಬಲ್‌ಗೆ ಕೂರಿಸಿದ ಕಾಸ್ ಎಂಬ ರೋಹಿತ ಉಪಕರಣದಲ್ಲಿ ಇನ್ನೊಂದು ತೊಡಕು ಬಂತು. ಅಲ್ಲಿ ಚಕ್ರ ನಿಂತ ಮೇಲೂ ನಿಲ್ಲುವುದಿಲ್ಲ. ತಿರುಗಿ ಬಂದು ನಿಂತ ಯಂತ್ರ ನಿಧಾನವಾಗಿ ಸಡಿಲಗೊಳ್ಳುತ್ತಾ ಸ್ವಲ್ಪ ಹೊತ್ತು ಸರಿಯುತ್ತಲೇ ಇರುತ್ತದೆ, ಮೊದಲಿಗೆ ಹೆಚ್ಚು, ಬರುಬರುತ್ತಾ ಕಡಿಮೆ. ಒಮ್ಮೆ ದೀಪ ಹಚ್ಚಿ ನೋಡಿದರೆ ಆ ಕ್ಷಣದ ಲೆಕ್ಕ ಸಿಕ್ಕೀತು, ಅವಲೋಕನ ಮುಗಿಯುವ ಹೊತ್ತಿನ ಲೆಕ್ಕ ಸಿಗದು. ಹಾಗಾಗಿ ನಕ್ಷತ್ರದ ಬೆಳಕು ಬೀಳುತ್ತಿರುವಾಗಲೇ ನಡುನಡುವೆ ದೀಪವನ್ನು ಮಿನುಗಿಸುತ್ತಾರೆ. ದೀಪದ ರೋಹಿತ ಡಿಟೆಕ್ಟರಿನ ಬೇರೆ ಪಟ್ಟಿಯ ಮೇಲೆ ಬೀಳುವುದರಿಂದ ನಕ್ಷತ್ರದ ಬೆಳಕಿಗೆ ಅಡ್ಡಿಯಿಲ್ಲ. ಚಕ್ರ ಈಗಷ್ಟೇ ತಿರುಗಿದ್ದರೆ ಬೇಗ ಬೇಗ ಮಿನುಗು, ತಿರುಗಿ ಬಹಳ ಹೊತ್ತಾಗಿದ್ದರೆ ನಿಧಾನ. ಕಾಸ್ ಪ್ರತಿ ಫೋಟಾನ್, ಅಂದರೆ ಬೆಳಕಿನ ಕಣ, ಬಂದ ಜಾಗವನ್ನು ಮಾತ್ರವಲ್ಲ, ಬಂದ ಹೊತ್ತನ್ನೂ ಬರೆದಿಡುತ್ತದೆ. ಭೂಮಿಯ ಮೇಲೆ ಕೂತ ಸಾಫ್ಟ್‌ವೇರ್ ಈ ಫೋಟಾನ್ ಬಂದಾಗ ಚಕ್ರ ಎಷ್ಟು ಸರಿದಿತ್ತು ಎಂದು ಮಿನುಗುಗಳಿಂದ ಲೆಕ್ಕ ಹಾಕಿ, ಒಂದೊಂದು ಫೋಟಾನನ್ನೂ ಅದು ಬೀಳಬೇಕಿದ್ದ ಜಾಗಕ್ಕೆ ಎತ್ತಿಡುತ್ತದೆ. ಈ ಪೂರ್ತಿ ಕಥೆಯಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು. ಯಂತ್ರದ ಜಾರುವಿಕೆಯನ್ನು ಯಾರೂ ತಡೆಯಲಿಲ್ಲ, ಅದರ ಲೆಕ್ಕ ಮಾತ್ರ ತಪ್ಪದೆ ಇಟ್ಟರು.

ಈಗ ವೆಬ್‌ಗೆ ಬರೋಣ. ನಿಯರ್‌ಸ್ಪೆಕ್ ಅನ್ನು ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆಗಾಗಿ ಏರ್‌ಬಸ್ ಜರ್ಮನಿಯಲ್ಲಿ ಕಟ್ಟಿತು. ಡಿಟೆಕ್ಟರುಗಳೂ ಪುಟಾಣಿ ಬಾಗಿಲುಗಳ ಫಲಕವೂ ನಾಸಾದ ಗೊಡಾರ್ಡ್ ಕೇಂದ್ರದ್ದು. ಆ ಬಾಗಿಲುಗಳ ಬಗ್ಗೆ ಎರಡು ಮಾತು. ಸುಮಾರು ಎರಡೂವರೆ ಲಕ್ಷ ಇವೆ, ಒಂದೊಂದೂ 0.1 ಮಿ.ಮೀ. ಅಗಲ, 0.2 ಮಿ.ಮೀ. ಉದ್ದ. ಒಂದು ಆಯಸ್ಕಾಂತ ಅವುಗಳ ಮೇಲೆ ಹಾದುಹೋಗಿ ಎಲ್ಲವನ್ನೂ ತೆರೆಯುತ್ತದೆ, ಬೇಕಾದವನ್ನು ವಿದ್ಯುತ್ತಿನಿಂದ ಹಿಡಿದಿಟ್ಟು ಉಳಿದವನ್ನು ಮುಚ್ಚಲು ಬಿಡುತ್ತಾರೆ. ಹೀಗೆ ಬೇಕಾದ ಗೆಲಾಕ್ಸಿಗಳ ಮುಂದಿನ ಬಾಗಿಲುಗಳನ್ನಷ್ಟೇ ತೆರೆದಿಟ್ಟು ಒಂದೇ ಸಲ ಹತ್ತಾರು, ನೂರಾರು ರೋಹಿತಗಳನ್ನು ತೆಗೆಯಬಹುದು. ಕೆಲವು ಬಾಗಿಲು ತೆರೆಯುವುದೇ ಇಲ್ಲ, ಕೆಲವು ಮುಚ್ಚುವುದೇ ಇಲ್ಲ. ತೆರೆಯದ್ದು ಪರವಾಗಿಲ್ಲ, ಮುಚ್ಚದ್ದೇ ಕಾಟ. ಅದರಿಂದ ಬೇಡದ ರೋಹಿತವೊಂದು ಯಾವಾಗಲೂ ಡಿಟೆಕ್ಟರಿನ ಮೇಲೆ ಬಿದ್ದಿರುತ್ತದೆ. ಯಾವುದು ಕೆಟ್ಟಿದೆ ಎಂಬ ಪಟ್ಟಿಯನ್ನು ಆಗಾಗ ಪರಿಷ್ಕರಿಸುತ್ತಾರೆ.

ಬಾಗಿಲು ದಾಟಿದ ಬೆಳಕು ಗ್ರೇಟಿಂಗ್ ಚಕ್ರಕ್ಕೆ ಬರುತ್ತದೆ. ಅದರಲ್ಲಿ 8 ಸ್ಥಾನ: 6 ಗ್ರೇಟಿಂಗ್, ಒಂದು ಪ್ರಿಸಂ, ಒಂದು ಕನ್ನಡಿ. ಹಬಲ್‌ನ ಹಾಗೆ ಪ್ರತಿ ಸಲವೂ ದೀಪವನ್ನೇ ನೆಚ್ಚಿಕೊಳ್ಳುವ ಬದಲು ಇಲ್ಲಿ ಬೇರೆ ಉಪಾಯ ಮಾಡಿದರು. ಚಕ್ರದ ಪಕ್ಕದಲ್ಲಿ ಎರಡು ಸೆನ್ಸರುಗಳಿವೆ. ಅಯಸ್ಕಾಂತ ಹತ್ತಿರ ಬಂದಂತೆ, ದೂರ ಸರಿದಂತೆ ಅವುಗಳ ವಿದ್ಯುತ್ ರೋಧ ಬದಲಾಗುತ್ತದೆ. ಒಂದು ಸೆನ್ಸರ್ ಒಂದು ದಿಕ್ಕಿನ ವಾಲನ್ನೂ ಇನ್ನೊಂದು ಅದಕ್ಕೆ ಅಡ್ಡ ದಿಕ್ಕಿನ ವಾಲನ್ನೂ ವೋಲ್ಟೇಜಿನ ರೂಪದಲ್ಲಿ ಹೇಳುತ್ತವೆ.

ವೋಲ್ಟೇಜ್ ವೋಲ್ಟೇಜೇ, ಅದು ಪಿಕ್ಸೆಲ್ ಅಲ್ಲ. ಎರಡರ ನಡುವಿನ ಸಂಬಂಧವನ್ನು ಕಂಡುಕೊಳ್ಳುವುದೇ ಕ್ಯಾಲಿಬ್ರೇಷನ್. ಮಾಡುವ ರೀತಿ ಸರಳ, ತಾಳ್ಮೆ ಬೇಕು ಅಷ್ಟೇ. ಚಕ್ರವನ್ನು ಒಂದು ಸುತ್ತು ತಿರುಗಿಸಿ ಒಂದು ಗ್ರೇಟಿಂಗಿಗೆ ತರುತ್ತಾರೆ. ಸೆನ್ಸರ್ ಏನು ಹೇಳಿತು ಬರೆದುಕೊಳ್ಳುತ್ತಾರೆ. ಉಪಕರಣದೊಳಗಿನ ದೀಪ ಹಚ್ಚಿ ಅದರ ಗೆರೆಗಳು ಡಿಟೆಕ್ಟರಿನ ಮೇಲೆ ಎಲ್ಲಿ ಬಿದ್ದವು ಎಂದು ಅಳೆಯುತ್ತಾರೆ. ಮತ್ತೆ ತಿರುಗಿಸುತ್ತಾರೆ, ಮತ್ತೆ ಅದೇ ಗ್ರೇಟಿಂಗ್, ಮತ್ತೆ ಅಳತೆ. ಅಡ್ಡ ಅಕ್ಷದಲ್ಲಿ ವೋಲ್ಟೇಜ್, ಲಂಬ ಅಕ್ಷದಲ್ಲಿ ಸರಿದ ದೂರ ಇಟ್ಟು ಚುಕ್ಕಿ ಹಾಕಿದರೆ ಚುಕ್ಕಿಗಳು ಒಂದು ಸರಳರೇಖೆಯ ಮೇಲೆ ಸಾಲಾಗಿ ಕೂರುತ್ತವೆ. ಪ್ರತಿ ಗ್ರೇಟಿಂಗಿಗೂ ಅದರದೇ ರೇಖೆ. ನಾನು ತೆರೆಯ ಮೇಲೆ ತೋರಿಸಿದ ಆ ನಕ್ಷೆ ನೋಡಲು ಎಂಟನೇ ಕ್ಲಾಸಿನ ಗ್ರಾಫ್ ಹಾಳೆಯಂತಿದೆ, ಆದರೆ ನಿಯರ್‌ಸ್ಪೆಕ್‌ನ ರೋಹಿತಗಳ ತರಂಗಾಂತರಗಳೆಲ್ಲ ನಿಂತಿರುವುದು ಅದರ ಮೇಲೆ. ರೇಖೆ ಒಮ್ಮೆ ಕೈಗೆ ಬಂದರೆ ಮುಂದೆ ಪ್ರತಿ ಸಲ ದೀಪ ಹಚ್ಚಬೇಕಿಲ್ಲ. ಸೆನ್ಸರನ್ನು ಓದಿದರೆ ಸಾಕು.

ವೆಬ್‌ನ ದತ್ತಾಂಶವನ್ನು ಅದು ಸಾರ್ವಜನಿಕವಾದ ಮೇಲೆ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ನಿಯರ್‌ಸ್ಪೆಕ್‌ನ ಒಂದು ಫೈಲು ತೆರೆದು ಅದರ ತಲೆಬರಹ ನೋಡಿ. ಯಾವ ಗ್ರೇಟಿಂಗ್, ಯಾವ ಫಿಲ್ಟರ್, ಎಷ್ಟು ಸೆಕೆಂಡ್ ಎಂಬ ನೂರಾರು ಸಾಲುಗಳ ನಡುವೆ 'ಜಿಡಬ್ಲ್ಯುಎ-ಎಕ್ಸ್‌ಟಿಲ್', 'ಜಿಡಬ್ಲ್ಯುಎ-ವೈಟಿಲ್' ಎಂಬ ಎರಡು ಸಾಲು ಸಿಗುತ್ತವೆ. ಅವಲೋಕನದ ಹೊತ್ತಿನಲ್ಲಿ ಆ ಚಕ್ರ ಎರಡು ದಿಕ್ಕಿನಲ್ಲಿ ಎಷ್ಟು ವಾಲಿತ್ತು ಅನ್ನುವ ವರದಿ ಅದು. ಯಾವ ಪಿಕ್ಸೆಲ್‌ಗೆ ಯಾವ ತರಂಗಾಂತರ ಎಂದು ಸಾಫ್ಟ್‌ವೇರ್ ನಿರ್ಧರಿಸುವಾಗ ಮೊದಲು ಓದುವುದರಲ್ಲಿ ಇವೂ ಸೇರಿವೆ. ಮನೆಯಲ್ಲಿ ಕೂತು ಎರಡು ಬೇರೆ ದಿನದ ಫೈಲುಗಳನ್ನು ಪಕ್ಕ ಪಕ್ಕ ಇಟ್ಟು ನೋಡಬಹುದು. ಗ್ರೇಟಿಂಗ್ ಒಂದೇ ಇರುತ್ತದೆ, ಈ ಎರಡು ಸಂಖ್ಯೆ ಮಾತ್ರ ಒಂದೇ ಇರುವುದಿಲ್ಲ.

ಚಕ್ರದ ವಾಲು ತರಂಗಾಂತರವನ್ನಷ್ಟೇ ಕೆಡಿಸುವುದಿಲ್ಲ. ನಕ್ಷತ್ರವನ್ನು ಬಾಗಿಲಿನ ನಡುವೆ ಕೂರಿಸುವ ಕೆಲಸಕ್ಕೂ ತೊಂದರೆ ಕೊಡುತ್ತದೆ. ರೋಹಿತ ತೆಗೆಯುವ ಮೊದಲು ದೂರದರ್ಶಕ ಸರಿಯಾಗಿ ಗುರಿಯಿಟ್ಟಿದೆಯೇ ಎಂದು ಪರೀಕ್ಷಿಸಬೇಕಲ್ಲ, ಆಗ ಚಕ್ರವನ್ನು ಕನ್ನಡಿಯ ಸ್ಥಾನಕ್ಕೆ ತಿರುಗಿಸಿ ಆಕಾಶದ ನೇರ ಚಿತ್ರ ತೆಗೆಯುತ್ತಾರೆ. ಗೊತ್ತಿರುವ ಕೆಲವು ನಕ್ಷತ್ರಗಳು ಡಿಟೆಕ್ಟರಿನ ಮೇಲೆ ಎಲ್ಲಿ ಬಿದ್ದವು ನೋಡಿ, ದೂರದರ್ಶಕವನ್ನು ಎಷ್ಟು ಸರಿಸಬೇಕು ಎಂದು ಲೆಕ್ಕ ಹಾಕುತ್ತಾರೆ. ಆದರೆ ಕನ್ನಡಿಯೇ ಚೂರು ವಾಲಿ ಕೂತಿದ್ದರೆ? ನಕ್ಷತ್ರ ಬಾಗಿಲಿನ ನಟ್ಟನಡುವೆ ಇದ್ದರೂ ಡಿಟೆಕ್ಟರಿನ ಮೇಲೆ ಪಕ್ಕಕ್ಕೆ ಕಾಣುತ್ತದೆ. ಅದನ್ನು ನಂಬಿ ದೂರದರ್ಶಕವನ್ನು ಸರಿಸಿದರೆ ಸರಿಯಾಗಿದ್ದುದನ್ನು ಕೈಯಾರೆ ಕೆಡಿಸಿದ ಹಾಗೆ. ಬಾಗಿಲಿನ ಅಗಲ ಆಕಾಶದಲ್ಲಿ ಬರೀ 0.2 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯನ್ನು 3600 ಭಾಗ ಮಾಡಿದರೆ ಒಂದು ಭಾಗ ಒಂದು ಆರ್ಕ್‌ಸೆಕೆಂಡ್). ಆದ್ದರಿಂದ ಸೆನ್ಸರ್ ಹೇಳಿದ ವಾಲನ್ನು ಮೊದಲು ಕಳೆದು, ಬಾಗಿಲಿನ ಜಾಗದಲ್ಲಿ ನಕ್ಷತ್ರ ನಿಜವಾಗಿ ಎಲ್ಲಿದೆ ಎಂದು ತಿಳಿದುಕೊಂಡೇ ಸರಿಸಬೇಕು. ತರಂಗಾಂತರದಲ್ಲಿ ತಪ್ಪಿದರೆ ಆಮೇಲೆ ತಿದ್ದಬಹುದು. ಬಾಗಿಲಿಗೆ ಬಡಿದು ಹೊರಗುಳಿದ ಬೆಳಕನ್ನು ಯಾವ ಸಾಫ್ಟ್‌ವೇರೂ ತಂದುಕೊಡಲಾರದು.

ವೆಬ್‌ನಲ್ಲೇ ಕೆನಡಾದವರ ನಿರಿಸ್ ಎಂಬ ಉಪಕರಣವಿದೆ. ಅನ್ಯಗ್ರಹಗಳ, ಅಂದರೆ ಬೇರೆ ನಕ್ಷತ್ರಗಳನ್ನು ಸುತ್ತುವ ಗ್ರಹಗಳ, ವಾತಾವರಣ ನೋಡಲು ಅದರ ಚಕ್ರದಲ್ಲೊಂದು ವಿಶೇಷ ಗ್ರಿಸಂ (ಪ್ರಿಸಂ ಮತ್ತು ಗ್ರೇಟಿಂಗ್ ಒಟ್ಟಾಗಿರುವ ಗಾಜು) ಇದೆ. ಚಕ್ರಕ್ಕೆ ಕೊಡುವ ಆಜ್ಞೆ 245.76 ಡಿಗ್ರಿಗೆ ಹೋಗಿ ನಿಲ್ಲು ಎಂದು. ಅದು ಡಿಗ್ರಿಯ ಸಣ್ಣ ಭಾಗದಷ್ಟು ಆಚೀಚೆ ನಿಲ್ಲುತ್ತದೆ, ಡಿಟೆಕ್ಟರಿನ ಮೇಲಿನ ಬಾಗಿದ ರೋಹಿತ ಅಷ್ಟೇ ತಿರುಗುತ್ತದೆ. ನಿಂತ ಕೋನವನ್ನು ತಲೆಬರಹದಲ್ಲಿ ಬರೆದಿಡುತ್ತಾರೆ, ಅದರಿಂದ ರೋಹಿತ ಎಲ್ಲೆಲ್ಲಿ ಹಾದುಹೋಗಿದೆ ಎಂದು ಲೆಕ್ಕ ಹಾಕುತ್ತಾರೆ. ಅನ್ಯಗ್ರಹಗಳನ್ನು ಅಧ್ಯಯನ ಮಾಡುವವರಿಗೆ ಒಂದು ಅನುಕೂಲ ಇದೆ. ಗ್ರಹ ನಕ್ಷತ್ರದ ಮುಂದೆ ಹಾಯುವಷ್ಟು ಹೊತ್ತೂ ಚಕ್ರ ಅಲುಗದೆ ಕೂತಿರುತ್ತದೆ. 2022ರ ಜುಲೈ 12ರಂದು ಬಿಡುಗಡೆಯಾದ ವಾಸ್ಪ್-96ಬಿ ಗ್ರಹದ ರೋಹಿತ ಹೀಗೆ 6.4 ಗಂಟೆ ನೋಡಿ ಪಡೆದದ್ದು, ಅದರಲ್ಲಿ ನೀರಾವಿಯ ಗುರುತು ಸ್ಪಷ್ಟವಾಗಿತ್ತು.

ಇಷ್ಟೆಲ್ಲ ನೆಲದ ಮೇಲೇ ಅಳೆದು ಕಳಿಸಿದರೆ ಆಗದೇ? ಅಳೆಯುತ್ತಾರೆ, ಆದರೆ ಪೂರ್ತಿ ನಂಬುವುದಿಲ್ಲ. ಮೊದಲನೆಯದು ಗುರುತ್ವ. ಇಲ್ಲಿ ಚಕ್ರ ತನ್ನ ಭಾರಕ್ಕೆ ತಾನೇ ಒಂದಿಷ್ಟು ಜಗ್ಗಿರುತ್ತದೆ, ಅಲ್ಲಿ ಜಗ್ಗುವುದಿಲ್ಲ. ಎರಡನೆಯದು ರಾಕೆಟ್ಟಿನ ಕುಲುಕಾಟ. ಮೂರನೆಯದು ಉಷ್ಣತೆ. ಅಯಸ್ಕಾಂತೀಯ ಸೆನ್ಸರುಗಳ ವೋಲ್ಟೇಜ್ ಉಷ್ಣತೆ ಬದಲಾದರೆ ತಾನೂ ಬದಲಾಗುತ್ತದೆ. ಇವೆಲ್ಲಕ್ಕಿಂತ ತಮಾಷೆಯದು ಬೇರಿಂಗಿಗೆ ಸವರುವ ಪದಾರ್ಥ. ಈ ಚಳಿಯಲ್ಲಿ ಎಣ್ಣೆ, ಗ್ರೀಸು ಗಟ್ಟಿಯಾಗಿ ಕಲ್ಲಾಗುತ್ತವೆ. ಅದಕ್ಕೇ ಮಾಲಿಬ್ಡಿನಂ ಡೈಸಲ್ಫೈಡ್ ಎಂಬ ಒಣ ಪದಾರ್ಥದ ತೆಳು ಲೇಪ ಕೊಡುತ್ತಾರೆ. ಅದು ನಿರ್ವಾತದಲ್ಲಿ ಬಹಳ ಚೆನ್ನಾಗಿ ಜಾರುತ್ತದೆ, ತೇವದ ಗಾಳಿಯಲ್ಲಿ ಓಡಿಸಿದರೆ ಬೇಗ ಸವೆಯುತ್ತದೆ. ಪರೀಕ್ಷೆ ಮಾಡದೆ ಕಳಿಸಲಾಗದು, ಪರೀಕ್ಷೆ ಮಾಡಿದಷ್ಟೂ ಅದರ ಆಯಸ್ಸು ಕಡಿಮೆ. ಎಷ್ಟು ಸಲ ತಿರುಗಿಸಿದೆವು ಎಂದು ನೆಲದ ಮೇಲೂ ಲೆಕ್ಕ ಇಡಬೇಕು. ವೆಬ್‌ನ ಕನ್ನಡಿ ಮತ್ತು ಉಪಕರಣಗಳನ್ನು ಒಟ್ಟಾಗಿ ಹ್ಯೂಸ್ಟನ್‌ನ ದೊಡ್ಡ ನಿರ್ವಾತ ಕೋಣೆಯಲ್ಲಿ ತಂಪುಮಾಡಿ ಪರೀಕ್ಷಿಸಿದ್ದು 2017ರಲ್ಲಿ. ನಡುವೆ ಹಾರ್ವೆ ಚಂಡಮಾರುತ ಊರನ್ನೇ ಮುಳುಗಿಸಿತು, ಆದರೂ ಕೋಣೆಯೊಳಗಿನ ಕೆಲಸ ನಡೆಯುತ್ತಲೇ ಇತ್ತು.

ಇನ್ನು ಆ ಪ್ರಸಿದ್ಧ ಕನ್ನಡಿಗಳ ವಿಚಾರ. ಅವೂ ಚಲಿಸುವ ಭಾಗಗಳೇ. ಪ್ರತಿ ತುಂಡಿನ ಹಿಂದೆ 7 ಮೋಟರ್ ಚಾಲಕಗಳು: 6 ತುಂಡನ್ನು ಸರಿಸಲು, ವಾಲಿಸಲು, 1 ಅದರ ಬಾಗು ಬದಲಿಸಲು. 18 ತುಂಡಿಗೆ 126, ಅವುಗಳ ಎದುರಿನ ಸಣ್ಣ ಎರಡನೇ ಕನ್ನಡಿಯ 6 ಸೇರಿ 132. ಇವು 10 ನ್ಯಾನೋಮೀಟರಿಗಿಂತ ಸಣ್ಣ ಹೆಜ್ಜೆ ಇಡಬಲ್ಲವು. 2022ರ ಜನವರಿಯಲ್ಲಿ ಮೊದಲು ಮಾಡಿದ್ದು ಉಡಾವಣೆಗಾಗಿ ಹಿಂದಕ್ಕೆ ಭದ್ರವಾಗಿ ಕೂರಿಸಿಟ್ಟಿದ್ದ ತುಂಡುಗಳನ್ನು 12.5 ಮಿ.ಮೀ. ಮುಂದೆ ತರುವ ಕೆಲಸ. ಒಂದು ಸಲಕ್ಕೆ ಒಂದೇ ಚಾಲಕ, ಅದೂ ಸ್ವಲ್ಪ ಹೊತ್ತು ಮಾತ್ರ. ಅವಸರ ಮಾಡಿದರೆ ತಂಪು ಕೆಡುತ್ತದೆ. ದಿನಕ್ಕೆ ಒಂದು ಮಿ.ಮೀ.ಗಿಂತ ಕೊಂಚ ಹೆಚ್ಚಿನ ಲೆಕ್ಕದಲ್ಲಿ ಸುಮಾರು ಹತ್ತು ದಿನ ಹಿಡಿಯಿತು.

ಆಮೇಲೆ ಸಪ್ತರ್ಷಿ ಮಂಡಲದ ಕಡೆಯ ಎಚ್‌ಡಿ 84406 ಎಂಬ ಒಂಟಿ ನಕ್ಷತ್ರದತ್ತ ತಿರುಗಿಸಿದರು. 18 ತುಂಡುಗಳೂ ಬೇರೆ ಬೇರೆ ಕಡೆ ನೋಡುತ್ತಿದ್ದರಿಂದ ಒಂದು ನಕ್ಷತ್ರ 18 ಚುಕ್ಕಿಯಾಗಿ ಕಂಡಿತು. ಚುಕ್ಕಿಗಳು ಎಲ್ಲಿ ಚೆದುರಿವೆಯೋ ಎಂದು ದೂರದರ್ಶಕವನ್ನು 156 ದಿಕ್ಕಿಗೆ ತಿರುಗಿಸಿ 1560 ಚಿತ್ರ ತೆಗೆದರು. ಯಾವ ಚುಕ್ಕಿ ಯಾವ ತುಂಡಿನದು ಎಂದು ತಿಳಿದದ್ದು ಹೇಗೆ ಗೊತ್ತೇ? ಒಂದು ತುಂಡನ್ನು ಅಲುಗಿಸುವುದು, ಯಾವ ಚುಕ್ಕಿ ಕದಲಿತು ನೋಡುವುದು. ಇಲ್ಲೂ ಮೋಟರ್ ತಾನು ಎಷ್ಟು ಸರಿದೆ ಎಂದು ಹೇಳುವುದು ಕೊನೆಯ ಮಾತಲ್ಲ, ನಕ್ಷತ್ರದ ಚಿತ್ರ ಹೇಳುವುದೇ ಕೊನೆಯ ಮಾತು. ಇವತ್ತಿಗೂ ಸುಮಾರು ಎರಡು ದಿನಕ್ಕೊಮ್ಮೆ ಕನ್ನಡಿಗಳ ಜೋಡಣೆಯನ್ನು ಅಳೆಯುತ್ತಾರೆ, ಬೇಕಾದಾಗ ಮಾತ್ರ ಸರಿಪಡಿಸುತ್ತಾರೆ.

ಬೆಂಗಳೂರಿನಲ್ಲಿ ನಿಂತು ಮಾತಾಡುವಾಗ ನಮ್ಮದನ್ನೂ ಹೇಳಬೇಕು. 2015ರ ಸೆಪ್ಟೆಂಬರ್ 28ರಂದು ಹಾರಿದ ಭಾರತದ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್‌ನಲ್ಲಿ ಯುವಿಐಟಿ ಎಂಬ ಅತಿನೇರಳೆ ದೂರದರ್ಶಕವಿದೆ. ಕೋರಮಂಗಲದ ಭಾರತೀಯ ಖಗೋಳಭೌತ ಸಂಸ್ಥೆಯ ಮುಂದಾಳತ್ವದಲ್ಲಿ, ಇಲ್ಲೇ ಹೊಸಕೋಟೆಯ ಆವರಣದಲ್ಲಿ ಅದನ್ನು ಜೋಡಿಸಿದ್ದು. 38 ಸೆಂ.ಮೀ. ವ್ಯಾಸದ ಎರಡು ದೂರದರ್ಶಕಗಳು, ಅವುಗಳಲ್ಲಿ ಫಿಲ್ಟರ್ ಚಕ್ರಗಳು. ಚಕ್ರದ ಒಂದು ಸ್ಥಾನ ಬೆಳಕನ್ನು ಪೂರ್ತಿ ತಡೆಯುವಂಥದ್ದು. ಡಿಟೆಕ್ಟರುಗಳು ಎಷ್ಟು ಸೂಕ್ಷ್ಮ ಅಂದರೆ ಪ್ರಖರ ಬೆಳಕು ಬಿದ್ದರೆ ಹಾಳಾಗುತ್ತವೆ, ಹಾಗಾಗಿ ಆ ಚಕ್ರ ಅವುಗಳ ರೆಪ್ಪೆಯೂ ಹೌದು. ಆದರೆ ನಮ್ಮ ಇವತ್ತಿನ ವಿಷಯಕ್ಕೆ ಹೊಂದುವುದು ಬೇರೆಯೇ ಒಂದು ಸಂಗತಿ. ಉಪಗ್ರಹ ಅವಲೋಕನದ ಹೊತ್ತಿನಲ್ಲಿ ನೆಟ್ಟಗೆ ನಿಲ್ಲುವುದಿಲ್ಲ, ನಿಧಾನವಾಗಿ ತೂಗುತ್ತದೆ. ಯುವಿಐಟಿ ಸೆಕೆಂಡಿಗೆ ಸುಮಾರು 29 ಚೌಕಟ್ಟುಗಳಂತೆ ಒಂದೊಂದು ಫೋಟಾನನ್ನೂ ಹೊತ್ತಿನ ಜೊತೆ ಬರೆದಿಡುತ್ತದೆ. ಪಕ್ಕದಲ್ಲಿ ಗೋಚರ ಬೆಳಕಿನ ಇನ್ನೊಂದು ಕ್ಯಾಮೆರಾ ನಕ್ಷತ್ರಗಳನ್ನು ಗಮನಿಸುತ್ತಾ ಉಪಗ್ರಹ ಯಾವ ಕ್ಷಣದಲ್ಲಿ ಎಷ್ಟು ತೂಗಿತು ಎಂದು ದಾಖಲಿಸುತ್ತದೆ. ನೆಲಕ್ಕೆ ಬಂದ ಮೇಲೆ ಆ ತೂಗಾಟವನ್ನು ಕಳೆದು ಫೋಟಾನುಗಳನ್ನು ಮರಳಿ ಜೋಡಿಸುತ್ತಾರೆ. 1.5 ಆರ್ಕ್‌ಸೆಕೆಂಡಿಗಿಂತ ಚೂಪಾದ ಚಿತ್ರಗಳು ಸಿಕ್ಕಿದ್ದು ಹೀಗೆ. ಹಬಲ್‌ನ ಕಾಸ್ ಚಕ್ರಕ್ಕೆ ಮಾಡಿದ್ದನ್ನೇ ಇಲ್ಲಿ ಇಡೀ ಉಪಗ್ರಹಕ್ಕೆ ಮಾಡಿದ್ದಾರೆ. ಉಪಗ್ರಹವನ್ನು ಅಲುಗದಂತೆ ಹಿಡಿಯುವ ಖರ್ಚಿನ ಮುಂದೆ ಈ ಲೆಕ್ಕ ಬಹಳ ಅಗ್ಗ.

ಕೊನೆಗೆ, ಸೆನ್ಸರು, ದೀಪ, ಲೆಕ್ಕ ಎಲ್ಲ ಇದ್ದೂ ಚಕ್ರವೇ ಮುನಿಸಿಕೊಂಡ ಪ್ರಸಂಗ. ವೆಬ್‌ನ ಮಿರಿ ಎಂಬ ಉಪಕರಣ 7 ಕೆಲ್ವಿನ್‌ಗಿಂತ ತಂಪಿನಲ್ಲಿ ಕೆಲಸ ಮಾಡುತ್ತದೆ. ಅದರ ಒಂದು ರೋಹಿತ ವಿಧಾನಕ್ಕೆ ಮೂರು ಸ್ಥಾನಗಳ ಗ್ರೇಟಿಂಗ್ ಚಕ್ರಗಳು ಬೇಕು, ಪೂರ್ತಿ ರೋಹಿತ ಬೇಕಾದರೆ ಮೂರೂ ಸ್ಥಾನಕ್ಕೆ ತಿರುಗಿಸಬೇಕು. 2022ರ ಆಗಸ್ಟ್ 24ರಂದು ಇಂಥ ಒಂದು ಅವಲೋಕನಕ್ಕೆ ಅಣಿಯಾಗುವಾಗ ಚಕ್ರದಲ್ಲಿ ಘರ್ಷಣೆ ಹೆಚ್ಚಿರುವುದು ಕಂಡಿತು. ಆ ವಿಧಾನವನ್ನು ಅಲ್ಲೇ ನಿಲ್ಲಿಸಿದರು. ಮಿರಿಯ ಉಳಿದ ಮೂರು ವಿಧಾನಗಳಿಗೆ ಆ ಚಕ್ರ ಬೇಡವಾದ್ದರಿಂದ ಅವು ನಡೆದವು. ತನಿಖೆ ಮಾಡಿದವರು ಕಂಡುಕೊಂಡದ್ದು, ಕೆಲವು ಪರಿಸ್ಥಿತಿಗಳಲ್ಲಿ ನಡು ಬೇರಿಂಗಿನ ಬಿಡಿಭಾಗಗಳ ನಡುವೆ ಒತ್ತಡ ಹೆಚ್ಚಾಗುವುದೇ ಬಹುಶಃ ಕಾರಣ ಎಂದು. ನವೆಂಬರ್ 2ರಂದು ಒಂದು ಪರೀಕ್ಷೆ ಮಾಡಿ, ಘರ್ಷಣೆ ಹೇಗಿರುತ್ತದೆ ಎಂದು ಮುಂಚಿತವಾಗಿ ಹೇಳಬಲ್ಲೆವು ಎಂದು ತೋರಿಸಿದರು. ನವೆಂಬರ್ 12ರ ಹೊತ್ತಿಗೆ ಆ ವಿಧಾನ ಮರಳಿತು. ಮೊದಲ ಅವಕಾಶಗಳಲ್ಲಿ ಶನಿಯ ಧ್ರುವ ಪ್ರದೇಶದ ಅವಲೋಕನವೂ ಇತ್ತು, ಅದು ತಪ್ಪಿದ್ದರೆ ವೆಬ್‌ಗೆ ಇನ್ನು 20 ವರ್ಷ ಆ ನೋಟ ಸಿಗುತ್ತಿರಲಿಲ್ಲ. ಆಗಿನಿಂದ ಚಕ್ರದ ಘರ್ಷಣೆಯನ್ನು ಅಳೆಯುವುದೂ ವೇಳಾಪಟ್ಟಿಯಲ್ಲಿ ಸೇರಿತು. ಗಮನಿಸಿ, ಅವರು ಬೇರಿಂಗನ್ನು ಸರಿಮಾಡಲಿಲ್ಲ. ಮಾಡಲು ಅಲ್ಲಿಗೆ ಹೋಗುವವರಾರು? ಅದರ ನಡತೆಯನ್ನು ಅರಿತುಕೊಂಡರು, ಅದಕ್ಕೆ ತಕ್ಕಂತೆ ನಡೆದುಕೊಂಡರು.

ಪ್ರಶ್ನೆಗಳಿಗೆ ಬರೋಣ.

ಒಬ್ಬ ವಿದ್ಯಾರ್ಥಿನಿ ಕೇಳಿದರು: "ಸರ್, ಚಕ್ರ ತಿರುಗಿಸುವ ಆಜ್ಞೆಯನ್ನು ಪ್ರತಿ ಸಲ ಇಲ್ಲಿಂದ ಕಳಿಸುತ್ತಾರಾ?"

ಇಲ್ಲಮ್ಮ. ಕೆಲಸದ ಪಟ್ಟಿ ಮಾತ್ರ ಇಲ್ಲಿಂದ ಹೋಗುತ್ತದೆ. ಒಂದು ಮುಗಿದ ಮೇಲೆ ಇನ್ನೊಂದು ಎಂದು ವೆಬ್ ತಾನೇ ಮಾಡಿಕೊಂಡು ಹೋಗುತ್ತದೆ. ಆ ಸೂಚನೆಗಳನ್ನು ಓಡಿಸುವುದು ಜಾವಾಸ್ಕ್ರಿಪ್ಟ್‌ನಲ್ಲಿ; ವೆಬ್‌ಸೈಟ್ ಮಾಡುವವರು ಇಲ್ಲಿ ಯಾರಾದರೂ ಇದ್ದರೆ ಹೆಮ್ಮೆಪಡಬಹುದು. ಒಂದೇ ಫಿಲ್ಟರಿನಲ್ಲಿ ಮಾಡಬೇಕಾದ್ದನ್ನೆಲ್ಲ ಒಟ್ಟಿಗೆ ಮುಗಿಸಿ ಆಮೇಲೆ ಚಕ್ರ ತಿರುಗಿಸುವಂತೆ ಅವಲೋಕನ ರೂಪಿಸುವವರು ನೋಡಿಕೊಳ್ಳುತ್ತಾರೆ. ಸಮಯವೂ ಉಳಿತಾಯ, ಬೇರಿಂಗೂ ಉಳಿತಾಯ.

ಹಿಂದಿನ ಸಾಲಿನಿಂದ ಹಿರಿಯರೊಬ್ಬರು: "ಇಷ್ಟೆಲ್ಲ ಪಾಡು ಯಾಕೆ ಸ್ವಾಮಿ? ಅಲುಗುವ ಭಾಗವೇ ಇಲ್ಲದೆ ಕಟ್ಟಿದರೆ ಆಗುವುದಿಲ್ಲವೇ?"

ಆಗುತ್ತದೆ, ಮಾಡಿದ್ದಾರೆ. 2003ರಲ್ಲಿ ಹಾರಿ 2020ರ ಜನವರಿವರೆಗೆ ದುಡಿದ ಸ್ಪಿಟ್ಜರ್ ಅವಕೆಂಪು ದೂರದರ್ಶಕ ಹೆಚ್ಚು ಕಡಿಮೆ ಹಾಗೇ ಇತ್ತು. ಅದರ ಮೂರು ಉಪಕರಣಗಳಲ್ಲಿ ದಿನನಿತ್ಯ ಅಲುಗುತ್ತಿದ್ದುದು ಒಂದರ ಸಣ್ಣ ಕನ್ನಡಿ ಮಾತ್ರ. ಫಿಲ್ಟರ್ ಚಕ್ರದ ಬದಲು ಪ್ರತಿ ಬಣ್ಣಕ್ಕೂ ಬೇರೆ ಡಿಟೆಕ್ಟರ್ ಇಟ್ಟರು. ಐರಾಕ್ ಎಂಬ ಕ್ಯಾಮೆರಾದಲ್ಲಿ ಒಂದು ಮುಚ್ಚಳ ಇತ್ತು, ಕತ್ತಲಲ್ಲಿ ಡಿಟೆಕ್ಟರ್ ಎಷ್ಟು ಸಂಕೇತ ಕೊಡುತ್ತದೆ ಎಂದು ಅಳೆಯಲು. ಒಮ್ಮೆ ಮುಚ್ಚಿ, ಮತ್ತೆ ತೆರೆಯದೇ ಹೋದರೆ ಇಡೀ ಕ್ಯಾಮೆರಾ ಹೋದಂತೆ. ಆ ಅಪಾಯ ಬೇಡವೆಂದು ಕಕ್ಷೆಯಲ್ಲಿ ಅದನ್ನು ಬಳಸಲೇ ಇಲ್ಲ.

ಆದರೆ ಅದಕ್ಕೂ ಬೆಲೆ ತೆತ್ತರು. ಕತ್ತಲೆಯ ಅಳತೆಗೆ ಮುಚ್ಚಳದ ಬದಲು ಕ್ರಾಂತಿವೃತ್ತದ (ಆಕಾಶದಲ್ಲಿ ಸೂರ್ಯ ವರ್ಷವಿಡೀ ಸಾಗುವ ದಾರಿಯ) ಉತ್ತರ ಧ್ರುವದ ಬಳಿಯ, ಹೆಚ್ಚು ಬೆಳಕಿಲ್ಲದ ಒಂದು ಆಕಾಶದ ತುಣುಕನ್ನು ಮತ್ತೆ ಮತ್ತೆ ನೋಡಿ ಅದನ್ನೇ ಕಳೆಯುತ್ತಿದ್ದರು. ಸೌರವ್ಯೂಹದ ಧೂಳಿನ ಮಂದ ಬೆಳಕು ಅಲ್ಲೂ ಇರುತ್ತದೆ, ಕಳೆಯುವಾಗ ಅದೂ ಕಳೆದುಹೋಗುತ್ತದೆ. ನಕ್ಷತ್ರ, ಗೆಲಾಕ್ಸಿಗಳ ಕೆಲಸಕ್ಕೆ ಇದರಿಂದ ತೊಂದರೆಯಿಲ್ಲ, ಐರಾಕ್ ಅವುಗಳನ್ನು ಸೊಗಸಾಗಿ ಅಳೆಯಿತು. ಆಕಾಶದ ಹಿನ್ನೆಲೆಯ ಬೆಳಕು ಒಟ್ಟಾರೆ ಎಷ್ಟು ಎಂದು ಕೇಳಿದವರಿಗೆ ಮಾತ್ರ ಅದರಿಂದ ನೇರ ಉತ್ತರ ಕೊಡಲಾಗಲಿಲ್ಲ.